ಹಕ್ಕುಪತ್ರದ ಜೊತೆಗೆ ಮಣ್ಣಿನ ನಕ್ಷೆಯೂ ಬರಲಿ

(ಮಂಗಳೂರಿನ ದೇರೆಬೈಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟಿದ್ದರು. ನಾನು ಮಣ್ಣನ್ನು ಆರಿಸಿಕೊಂಡೆ. ಅದರಲ್ಲೂ ನಮ್ಮ ಜಿಲ್ಲೆಯ ಕೊರಗರು, ಮಲೆಕುಡಿಯರು ಬಾಳುವ, ಬೆಳೆಯುವ ಮಣ್ಣನ್ನು. ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಆದಿವಾಸಿ ಕುಟುಂಬಗಳಿಗೆ ಭೂಮಿ ಕೊಡುವಾಗ ನಾವು ಇದುವರೆಗೆ ಎಕರೆ, ಸೆಂಟ್ಸ್ ಲೆಕ್ಕ ಮಾತ್ರ ನೋಡಿದ್ದೇವೆ. ಆ ಜಾಗದಲ್ಲಿ ಮಣ್ಣು ಎಷ್ಟು ಆಳ ಇದೆ, ಅದರ ಹುಳಿ ಎಷ್ಟು, ಅದು ನೀರು ಹಿಡಿಯುತ್ತದೆಯೇ ಎಂದು ಯಾರೂ ಬರೆದುಕೊಟ್ಟಿಲ್ಲ. ಮಣ್ಣಿನ ನಕ್ಷೆ ಭೂಮಿಯ ಹಕ್ಕಿನ ಭಾಗವೇ ಆಗಬೇಕು ಎಂಬುದು ನನ್ನ ವಾದ.

1. ನಮ್ಮ ಕಾಲಡಿಯ ಮಣ್ಣು

ದೇರೆಬೈಲು, ಕೊಂಚಾಡಿ, ಬೊಂದೇಲ್ ಕಡೆ ರಸ್ತೆಗೋ ಮನೆಗೋ ಗುಡ್ಡ ಕಡಿದ ಜಾಗ ಸಿಕ್ಕರೆ ಒಂದು ನಿಮಿಷ ನಿಂತು ನೋಡಿ. ಮೇಲ್ಗಡೆ ಕೆಂಪು ಮಣ್ಣಿನ ತೆಳು ಪದರ. ಕೆಲವು ಕಡೆ ಅದು ಗೇಣಿನಷ್ಟೂ ಇರುವುದಿಲ್ಲ. ಅದರ ಕೆಳಗೆ ತೂತು ತೂತಾದ ಮುರಕಲ್ಲು. ಇನ್ನೂ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣು. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ರಸ್ತೆಗೆ ಇಳಿದು ಬರುವುದು ಬಹುಮಟ್ಟಿಗೆ ಇದೇ ಶೇಡಿ. ಹತ್ತಿರದ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಇದರ ಮೇಲೆ ಸಾಕಷ್ಟು ಸಂಶೋಧನೆ ನಡೆದಿದೆ. ಕಟ್ಟಡ ಕಟ್ಟುವವರು ಈ ಮೂರು ಪದರಗಳನ್ನು ಪರೀಕ್ಷೆ ಮಾಡಿಸದೆ ಅಡಿಪಾಯ ಹಾಕುವುದಿಲ್ಲ. ಕೃಷಿ ಮಾಡುವ ಬಡವನಿಗೆ ಮಾತ್ರ ಈ ಪದರಗಳ ವಿವರ ಯಾರೂ ಕೊಡುವುದಿಲ್ಲ.

ಮುರಕಲ್ಲಿಗೆ ಲ್ಯಾಟರೈಟ್ ಎಂಬ ಶಾಸ್ತ್ರೀಯ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ 1800-01ರಲ್ಲಿ ಅವನು ನಡೆಸಿದ ಪ್ರವಾಸದ ವರದಿ 1807ರಲ್ಲಿ ಅಚ್ಚಾಯಿತು. ಮಲಬಾರಿನ ಅಂಗಡಿಪುರದಲ್ಲಿ ಕಂಡ ಕಲ್ಲಿಗೆ ಅವನು ಆ ವರದಿಯಲ್ಲಿ ಈ ಹೆಸರಿಟ್ಟ. ನೆಲದೊಳಗೆ ಇದ್ದಾಗ ಕೊಯ್ಯಲು ಬರುವಷ್ಟು ಮೆದು, ಹೊರಗೆ ಬಿಸಿಲಿಗೆ ಬಿದ್ದರೆ ಕಲ್ಲು. ಮನೆ ಕಟ್ಟುವವರಿಗೆ ವರವಾದ ಈ ಗುಣವೇ ಬೇಸಾಯಕ್ಕೆ ಶಾಪ. ಗುಡ್ಡದ ಮರಗಿಡ ಬೋಳಿಸಿ ಮೇಲ್ಮಣ್ಣು ತೊಳೆದುಹೋದರೆ ಕೆಳಗಿನ ಪದರ ಗಟ್ಟಿಯಾಗಿ ಪಾದೆಯಾಗುತ್ತದೆ. ಮತ್ತೆ ಅದು ಮಣ್ಣಾಗುವುದನ್ನು ನಮ್ಮ ಜೀವಮಾನದಲ್ಲಿ ಕಾಣಲಾರೆವು.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆ ನೀರು ಸಾವಿರಾರು ವರ್ಷಗಳಿಂದ ಮಣ್ಣಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷನ್ನು ತೊಳೆದು ಸಮುದ್ರಕ್ಕೆ ಒಯ್ದಿದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಂಡಿವೆ. ಹಾಗಾಗಿ ಕರಾವಳಿಯ ಮಣ್ಣು ಹುಳಿ. ಅನೇಕ ಕಡೆ ರಸಸಾರ (ಪಿಎಚ್) 5ರಿಂದ 5.5ರ ಆಸುಪಾಸಿನಲ್ಲಿರುತ್ತದೆ. ರಸಸಾರದ ಅಂಕಿ 6ರಿಂದ 5ಕ್ಕೆ ಇಳಿಯಿತೆಂದರೆ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. 5.5ಕ್ಕಿಂತ ಕೆಳಗೆ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿಯನ್ನೇ ಕೆಡಿಸುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಗಿಡಕ್ಕೆ ಸಿಗದಂತೆ ಮಾಡುತ್ತವೆ. ಬೋರಾನ್ ಕೊರತೆಯಿಂದ ತೆಂಗಿನ ಹೊಸ ಗರಿಗಳ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಿಕೊಳ್ಳದೆ ಬರುತ್ತವೆ. ಇದು ಗೊತ್ತಿಲ್ಲದ ರೈತ ಯೂರಿಯಾ ಚೀಲಕ್ಕೆ ದುಡ್ಡು ಸುರಿಯುತ್ತಾನೆ. ಅವನ ಮಣ್ಣಿಗೆ ಬೇಕಾದದ್ದು ಎರಡು ಬುಟ್ಟಿ ಸುಣ್ಣ ಇರಬಹುದು.

2. ಬೈಲು ಯಾರಿಗೆ, ಬೆಟ್ಟು ಯಾರಿಗೆ

ತುಳುನಾಡಿನ ಬೇಸಾಯಗಾರರು ತಮ್ಮ ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿಕೊಂಡಿದ್ದರು. ಬೈಲು ತಗ್ಗಿನ ಗದ್ದೆ. ಗುಡ್ಡದಿಂದ ಇಳಿದ ಮಣ್ಣು, ತರಗೆಲೆ, ನೀರು ಎಲ್ಲ ಅಲ್ಲಿ ಸೇರುತ್ತವೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಯನ್ನೂ ಅದು ಕೊಡಬಲ್ಲದು. ಮಜಲಿನಲ್ಲಿ ಎರಡು ಬೆಳೆ. ಬೆಟ್ಟು ಮಳೆಯನ್ನೇ ನಂಬಿದ ಮೇಲಿನ ನೆಲ, ಅದರದು ಒಂದೇ ಬೆಳೆ. ನೀರು ಮತ್ತು ಮಣ್ಣಿನ ಆಳವನ್ನು ನೋಡಿ ಮಾಡಿದ ಈ ವಿಂಗಡಣೆ ಇಂದಿಗೂ ನಿಜ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರೂ ಮೂರಕ್ಕೆ ಮೂರು ಬೇರೆ ಫಲಿತಾಂಶ ಬರುತ್ತವೆ.

ಈ ಮೂರು ನೆಲಗಳಲ್ಲಿ ಕೊರಗರಿಗೆ ಸಿಕ್ಕಿದ್ದು ಯಾವುದು? ಬುಟ್ಟಿ ಹೆಣೆಯುವ, ಡೋಲು ಬಾರಿಸುವ, ಊರಿನ ಕೊಳೆ ತೆಗೆಯುವ ಕೆಲಸಕ್ಕೆ ಅವರನ್ನು ಕಟ್ಟಿಹಾಕಿದ ಸಮಾಜ ಅವರಿಗೆ ನೆಲವನ್ನೇ ಕೊಡಲಿಲ್ಲ. ಕೊರಗರನ್ನು ಕೀಳಾಗಿ ಕಂಡು ದುಡಿಸುವ ಅಜಲು ಎಂಬ ಅಮಾನವೀಯ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು 2000ನೇ ಇಸವಿ ಬರಬೇಕಾಯಿತು. ಅದಕ್ಕೂ ಮೊದಲು, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ದಕ್ಷಿಣ ಕನ್ನಡದ ಚಿತ್ರವನ್ನೇ ಬದಲಿಸಿತು. ಗೇಣಿದಾರರು ಒಡೆಯರಾದರು. ಕೊರಗರು ಗೇಣಿಚೀಟಿಯ ಹತ್ತಿರವೂ ಸುಳಿಯಲಾಗದವರು. ಉಳುವವನೇ ಒಡೆಯ ಎಂದಾಗ, ಉಳಲು ನೆಲವೇ ಇಲ್ಲದವರು ಹೊರಗುಳಿದರು.

ಮಲೆಕುಡಿಯರ ಕತೆ ಬೇರೆ. ಘಟ್ಟದ ಅಡಿಯಲ್ಲಿ ಕುಮೇರಿ ಬೇಸಾಯವಿತ್ತು. ಕಾಡಿನ ಒಂದು ತುಂಡನ್ನು ಸವರಿ, ಸುಟ್ಟು, ಬೂದಿಯಲ್ಲಿ ಬಿತ್ತಿ, ಒಂದೆರಡು ಬೆಳೆ ತೆಗೆದು, ಕಾಡು ಮತ್ತೆ ಬೆಳೆಯಲು ವರ್ಷಗಟ್ಟಲೆ ಬಿಡುವ ಕ್ರಮ ಅದು. ಹುಳಿ ಮಣ್ಣಿಗೆ ಬೂದಿಯೇ ಸುಣ್ಣ, ಬೂದಿಯೇ ಪೊಟ್ಯಾಷ್. 1860ರಲ್ಲಿ ಮದರಾಸು ಸರ್ಕಾರ ಕುಮೇರಿಯನ್ನು ನಿರ್ಬಂಧಿಸಿತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ಬೆಳ್ತಂಗಡಿ ಕಡೆಯ ಎಷ್ಟೋ ಮಲೆಕುಡಿಯ ಮನೆಗಳು ಉದ್ಯಾನದ ಗಡಿಯೊಳಗೆ ಸಿಕ್ಕಿಕೊಂಡವು. ಅವರಲ್ಲಿ ಮಣ್ಣಿದೆ, ಅದರಲ್ಲಿ ಕಾಡಿನ ಸತ್ವವೂ ಇದೆ. ಇಲ್ಲದ್ದು ಕಾಗದ. ಕೊರಗರಲ್ಲಿ ಹಲವರಿಗೆ ಕಾಗದ ಬಂದಿದೆ, ಆ ಕಾಗದದಲ್ಲಿರುವ ಜಾಗದಲ್ಲಿ ಮಣ್ಣಿಲ್ಲ.

3. ಎರಡೂವರೆ ಎಕರೆ

ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವುದು ಎರಡು: ಜೇನುಕುರುಬ ಮತ್ತು ಕೊರಗ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಹರಡಿರುವ ಕೊರಗರ ಸಂಖ್ಯೆ 2011ರ ಜನಗಣತಿಯಲ್ಲಿ ಹದಿನಾರು ಸಾವಿರದ ಆಸುಪಾಸಿನಲ್ಲಿತ್ತು. ಈ ಸಮುದಾಯದ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಡಾ. ಮಹಮ್ಮದ್ ಪೀರ್ ವರದಿ 1994ರಲ್ಲಿ ಬಂತು. ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿ ಭೂಮಿ ಕೊಡಬೇಕೆಂಬುದು ಅದರ ಮುಖ್ಯ ಶಿಫಾರಸು. ಆ ಬೇಡಿಕೆಯನ್ನು ಸಮುದಾಯ ಇಂದಿಗೂ ಕೈಬಿಟ್ಟಿಲ್ಲ. ಪ್ರತಿ ವರ್ಷ ಆಗಸ್ಟ್ 18ರಂದು ಕೊರಗರು ಭೂಮಿ ಹಬ್ಬ ಆಚರಿಸುತ್ತಾರೆ. ಭೂಮಿಗಾಗಿ ತಾವು ಬೀದಿಗಿಳಿದ ಹೋರಾಟದ ನೆನಪಿನ ಹಬ್ಬ ಅದು.

ಎರಡೂವರೆ ಎಕರೆ ಎಂಬ ಅಳತೆ ಸರಿ. ಆದರೆ ಬೈಲಿನ ಎರಡೂವರೆ ಎಕರೆಯೂ ಪಾದೆಯ ಎರಡೂವರೆ ಎಕರೆಯೂ ಒಂದೇ ಅಲ್ಲ. ಬ್ರಿಟಿಷರ ಕಾಲದಲ್ಲಿ ದಮನಿತ ವರ್ಗಗಳಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಜಮೀನು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಇದೆ. ಆದರೂ ಹಂಚಲು ಸರ್ಕಾರಿ ಜಾಗ ಹುಡುಕುವಾಗ ಸಾಮಾನ್ಯವಾಗಿ ಸಿಗುವುದು ಬೇರೆ ಯಾರಿಗೂ ಬೇಡವಾದ ಗುಡ್ಡದ ನೆತ್ತಿ. ಬೈಲಿನ ಗದ್ದೆಗಳು ಕೆಲಸಕ್ಕೆ ಜನ ಇಲ್ಲದೆ ಹಡಿಲು ಬಿದ್ದಿವೆ. ಕೆಲಸ ಮಾಡಬಲ್ಲ ಕೈಗಳಿಗೆ ಹಾರೆ ಇಳಿಯದ ಪಾದೆ ಸಿಕ್ಕಿದೆ. ನಾಲ್ಕು ವರ್ಷ ಕಳೆದ ಮೇಲೆ ಯಾರೋ ಹೇಳುತ್ತಾರೆ: "ಅವರಿಗೆ ಜಾಗ ಕೊಟ್ಟರೂ ಕೃಷಿ ಮಾಡುವುದಿಲ್ಲ ಮಾರಾಯ್ರೇ." ಕೃಷಿ ಮಾಡಲು ಅಲ್ಲಿ ಮಣ್ಣು ಇತ್ತೇ ಎಂದು ಕೇಳಿದವರು ಕಡಿಮೆ.

ಇಲ್ಲಿ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರನ್ನು ಸ್ಮರಿಸಬೇಕು. ಗುಡ್ಡದ ಇಳಿಜಾರಿನ ಎರಡು ಎಕರೆ ಬರಡು ಜಾಗದಲ್ಲಿ ಅವರು ಒಬ್ಬರೇ ಸುರಂಗ ಕೊರೆದರು. ಮೊದಲಿನ ಹಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಛಲ ಬಿಡದೆ ಕೊರೆದು ನೀರು ತಂದು, ಮಣ್ಣು ಹೊತ್ತು ಹಾಕಿ ತಟ್ಟು ಮಾಡಿ ಅಡಿಕೆ, ತೆಂಗು ಬೆಳೆದರು. 2022ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಅವರಿಗೆ ನಾವೆಲ್ಲ ಕೈಮುಗಿಯೋಣ. ಆದರೆ ಒಬ್ಬ ಅಸಾಧಾರಣ ವ್ಯಕ್ತಿಯ ತಪಸ್ಸನ್ನು ತೋರಿಸಿ, ಎಲ್ಲ ಬಡವರೂ ಹಾಗೆಯೇ ಕಲ್ಲು ಕೊರೆಯಲಿ ಎಂದು ಸರ್ಕಾರ ನಿರೀಕ್ಷಿಸಬಾರದು. ನಾಯ್ಕರು ಕಷ್ಟಪಟ್ಟು ಕಂಡುಕೊಂಡದ್ದನ್ನು, ಅಂದರೆ ಆ ಗುಡ್ಡದಲ್ಲಿ ನೀರು ಎಲ್ಲಿದೆ, ಮಣ್ಣು ಎಲ್ಲಿ ನಿಲ್ಲುತ್ತದೆ ಎಂಬುದನ್ನು, ಜಾಗ ಕೊಡುವ ಮೊದಲೇ ತಿಳಿಸುವುದು ಇಲಾಖೆಗಳ ಕೆಲಸ.

4. ಇರುವ ನಕ್ಷೆಗಳು

ನಮ್ಮಲ್ಲಿ ಮಣ್ಣಿನ ನಕ್ಷೆಗಳೇ ಇಲ್ಲವೆಂದಲ್ಲ. ಕರ್ನಾಟಕ ಈ ಕೆಲಸದಲ್ಲಿ ದೇಶಕ್ಕೇ ಮುಂದಿತ್ತು. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಕೃಷಿ ಇಲಾಖೆ ಮತ್ತು ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ ಮಣ್ಣು ಪರೀಕ್ಷೆ ನಡೆಸಿದವು. ಗಂಧಕ, ಸತು, ಬೋರಾನ್ ಕೊರತೆ ಎಷ್ಟು ವ್ಯಾಪಕವಾಗಿದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಆ ಯೋಜನೆಯ ಎರಡು ಕ್ರಮಗಳು ನನಗೆ ಬಹಳ ಮೆಚ್ಚುಗೆ. ಫಲಿತಾಂಶವನ್ನು ಊರಿನ ಗೋಡೆಗಳ ಮೇಲೆ ಬರೆಸಿದರು. ಊರಿನವರನ್ನೇ ರೈತ ಅನುವುಗಾರರನ್ನಾಗಿ ನೇಮಿಸಿಕೊಂಡರು.

2012ರ ಬಳಿಕ ಬಂದ ಸುಜಲಾ-3 ಯೋಜನೆ ಇನ್ನೂ ಆಳಕ್ಕೆ ಹೋಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಕೇಂದ್ರ, ಕೃಷಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕಿರುಜಲಾನಯನಗಳಲ್ಲಿ ಗುಂಡಿ ತೋಡಿ ಮಣ್ಣಿನ ಪದರ ಪದರವನ್ನೂ ದಾಖಲಿಸಿತು. ನಕ್ಷೆಯ ಅಳತೆ 1:7,920. ಅಂದರೆ ಕಾಗದದ ಮೇಲಿನ ಒಂದು ಇಂಚು ನೆಲದ ಮೇಲೆ 660 ಅಡಿ, ಮೋಜಣಿದಾರರ ಹಳೆಯ ಸರಪಳಿಯಲ್ಲಿ ಹತ್ತು ಸರಪಳಿ. ಗ್ರಾಮ ನಕ್ಷೆಯ ಮೇಲೆಯೇ ಮಣ್ಣಿನ ನಕ್ಷೆ ಕೂರುವುದರಿಂದ ಸರ್ವೆ ನಂಬರ್ ಹಿಡಿದು ಮಣ್ಣಿನ ಆಳ, ಇಳಿಜಾರು, ಕಲ್ಲಿನ ಪ್ರಮಾಣ, ಹೊಂದುವ ಬೆಳೆ ಯಾವುದೆಂದು ಹೇಳಬಹುದು. ನಾನು ಕೇಳುತ್ತಿರುವುದು ಇಂಥ ನಕ್ಷೆಯನ್ನೇ. ಆದರೆ ಆ ಯೋಜನೆ ನಡೆದದ್ದು ಒಳನಾಡಿನ 11 ಜಿಲ್ಲೆಗಳಲ್ಲಿ. ನಮ್ಮ ಕರಾವಳಿ ಅದರಲ್ಲಿ ಸೇರಿರಲಿಲ್ಲ.

ನಮಗೆ ಬಂದದ್ದು 2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಉದ್ಘಾಟನೆಯಾದ ಮಣ್ಣು ಆರೋಗ್ಯ ಕಾರ್ಡ್. ಮೊದಲ ಎರಡು ಸುತ್ತಿನಲ್ಲಿ ದೇಶದಲ್ಲಿ ಸುಮಾರು 22 ಕೋಟಿ ಕಾರ್ಡ್ ಹಂಚಿದರು. 12 ಅಂಶಗಳ ಪರೀಕ್ಷೆ ಅದರಲ್ಲಿದೆ. ಇಷ್ಟು ದೊಡ್ಡ ದೇಶದಲ್ಲಿ ಇದು ಸಣ್ಣ ಸಾಧನೆಯಲ್ಲ. ತೊಡಕಿದ್ದದ್ದು ಆ ಸುತ್ತುಗಳಲ್ಲಿ ಮಾದರಿ ತೆಗೆಯಲು ನೆಲವನ್ನು ಹಂಚಿದ ಚೌಕಗಳಲ್ಲಿ. ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಜಮೀನಿನಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ. ಹತ್ತು ಹೆಕ್ಟೇರ್ ಅಂದರೆ ಸುಮಾರು 25 ಎಕರೆ. ತಲಾ ಎರಡೂವರೆ ಎಕರೆಯಂತೆ ಹತ್ತು ಕೊರಗ ಕುಟುಂಬಗಳ ಪಾಲು. ಬೀದರಿನ ಬಯಲಿನಲ್ಲಿ 25 ಎಕರೆ ಮಣ್ಣು ಒಂದೇ ಥರ ಇರಬಹುದು. ನಮ್ಮಲ್ಲಿ 25 ಎಕರೆಯೊಳಗೆ ಪಾದೆ, ಬೆಟ್ಟು, ಮಜಲು, ಬೈಲು ಎಲ್ಲವೂ ಬಂದುಬಿಡುತ್ತವೆ. ಎಲ್ಲವನ್ನೂ ಬೆರೆಸಿ ತೆಗೆದ ಸರಾಸರಿ ಯಾರ ಮಣ್ಣೂ ಅಲ್ಲ. ಮೇಲಾಗಿ ಕಾರ್ಡು ಹೋಗುವುದು ಪಹಣಿ ಇದ್ದವರ ಹೆಸರಿಗೆ. ಪಹಣಿಯೇ ಇಲ್ಲದ ಕುಟುಂಬ ಭೂದಾಖಲೆಯಲ್ಲೂ ಇಲ್ಲ, ಮಣ್ಣಿನ ದಾಖಲೆಯಲ್ಲೂ ಇಲ್ಲ.

5. ಬಿಳಿಗಿರಿಯ ಪಾಠ

ನಕ್ಷೆಗೂ ಹಕ್ಕಿಗೂ ಇರುವ ನಂಟನ್ನು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತೋರಿಸಿಕೊಟ್ಟಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅವರು ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರ ಜೊತೆ ಕಾಡು ಸುತ್ತಿದರು. ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಎಂದು ಕುಲಕುಲಕ್ಕೂ ಸೇರಿದ ನೆಲೆಗಳು ಆ ಕಾಡಿನಲ್ಲಿವೆ. ಅಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ಜಿಪಿಎಸ್ ಹಿಡಿದು ನಕ್ಷೆಗೆ ಇಳಿಸಿದರು. ಹಿರಿಯರು ದಾರಿ ತೋರಿದರು, ಯುವಕರು ಉಪಕರಣ ಹಿಡಿದರು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಆದಿವಾಸಿಗಳ ಹಕ್ಕನ್ನು ಹೀಗೆ ಮಾನ್ಯ ಮಾಡಿದ್ದು ದೇಶದಲ್ಲಿ ಅದೇ ಮೊದಲು.

ಜನರ ತಿಳಿವಳಿಕೆ ನಕ್ಷೆಯಾದಾಗ ಅದು ಕಚೇರಿಯಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ. ಬುಟ್ಟಿಗೆ ಬೇಕಾದ ಬಳ್ಳಿ ಹುಡುಕುತ್ತಾ ಗುಡ್ಡ, ಹಾಡಿ ತಿರುಗಿದ ಕೊರಗ ಹೆಂಗಸರಿಗೆ ಯಾವ ಮಗ್ಗುಲಲ್ಲಿ ತೇವ ಉಳಿಯುತ್ತದೆ, ಎಲ್ಲಿ ಬೇರು ಇಳಿಯುತ್ತದೆ ಎಂಬುದು ತಿಳಿದಿರುತ್ತದೆ. ಮಣ್ಣು ವಿಜ್ಞಾನಿ ಅವರನ್ನು ಮೊದಲು ಕೇಳಬೇಕು. ಗುಂಡಿ ಎಲ್ಲಿ ತೋಡಬೇಕು ಎನ್ನುವುದನ್ನು ಅವರೇ ಹೇಳಬಲ್ಲರು.

6. ಮಾದರಿಯಿಂದ ಬೆಳೆಯವರೆಗೆ

ಮಣ್ಣು ಮಾದರಿ ತೆಗೆಯುವುದು ಯಾರಾದರೂ ಕಲಿಯಬಹುದಾದ ಕೆಲಸ. ಬೆಟ್ಟು, ಮಜಲು, ಬೈಲನ್ನು ಬೇರೆ ಬೇರೆಯಾಗಿಯೇ ಎಣಿಸಬೇಕು. ಪ್ರತಿ ತುಂಡಿನಲ್ಲೂ ಅಂಕುಡೊಂಕಾಗಿ ನಡೆದು ಹತ್ತು ಹನ್ನೆರಡು ಕಡೆ ಗುರುತು ಹಾಕಿಕೊಳ್ಳಬೇಕು. ಗೊಬ್ಬರದ ಗುಂಡಿ, ಬದು, ಮರದ ಬುಡ ಬಿಡಬೇಕು. ಮೇಲಿನ ಕಸ ಸರಿಸಿ, ಸಾಮಾನ್ಯ ಬೆಳೆಗೆ ಆರು ಇಂಚು ಆಳದ ಇಂಗ್ಲಿಷ್ ವಿ ಆಕಾರದ ಗುಂಡಿ ತೆಗೆದು, ಒಂದು ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಕೆರೆದುಕೊಳ್ಳಬೇಕು. ತೆಂಗು, ಅಡಿಕೆಯಂಥ ಬೆಳೆಗೆ ಇನ್ನೂ ಆಳಕ್ಕೆ ಹೋಗಬೇಕು. ಎಲ್ಲವನ್ನೂ ಗೋಣಿಯ ಮೇಲೆ ಸುರಿದು ಬೆರೆಸಿ, ವೃತ್ತ ಮಾಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕಬೇಕು. ಅರ್ಧ ಕಿಲೋ ಉಳಿಯುವವರೆಗೂ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿ, ಹೆಸರು, ಜಾಗ, ಹಿಂದಿನ ಬೆಳೆ ಬರೆದ ಚೀಟಿ ಹಾಕಿ ಕಟ್ಟಿದರೆ ಮಾದರಿ ಸಿದ್ಧ. ಹತ್ತನೇ ತರಗತಿ ಓದಿದ ಹುಡುಗಿ ಇದನ್ನು ಒಂದು ಬೆಳಿಗ್ಗೆಯಲ್ಲಿ ಕಲಿಯುತ್ತಾಳೆ.

ಫಲಿತಾಂಶ ಬಂದ ಮೇಲೆ ಮಾಡಬೇಕಾದದ್ದೂ ನಮ್ಮ ಕೈಗೆಟುಕುವಂಥದ್ದೇ. ಹುಳಿ ಹೆಚ್ಚಿದ್ದರೆ ಸುಣ್ಣ ಅಥವಾ ಡಾಲೊಮೈಟ್. ಎಷ್ಟು ಎನ್ನುವುದನ್ನು ಪರೀಕ್ಷೆ ಹೇಳುತ್ತದೆ. ನದಿಯ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುವುದು ಕರಾವಳಿಯಲ್ಲಿ ಹಿಂದಿನಿಂದ ಇತ್ತು. ಪೊಟ್ಯಾಷ್ ಕಡಿಮೆ ಇದ್ದಲ್ಲಿ ಬೂದಿ ಮತ್ತು ನಮ್ಮ ಹಿರಿಯರ ಸುಡುಮಣ್ಣು ಉಪಯೋಗಕ್ಕೆ ಬರುತ್ತವೆ. ಮಣ್ಣು ತೆಳುವಾದಲ್ಲಿ ಭತ್ತದ ಆಸೆ ಬಿಟ್ಟು ಗೇರು ನೆಡಬಹುದು. ಗಟ್ಟಿ ಮುರಕಲ್ಲಿದ್ದರೆ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣು ಮತ್ತು ಗೊಬ್ಬರ ತುಂಬಿ ನೆಡಬೇಕು. ಅಂಥ ಗುಂಡಿ ತೋಡುವ ಖರ್ಚನ್ನು ಸರ್ಕಾರವೇ ಕೊಡಬೇಕು. ಮನೆಯ ಸುತ್ತ ಐದು ಸೆಂಟ್ಸ್ ಮಾತ್ರ ಇದ್ದವರಿಗೆ ಮಲ್ಲಿಗೆ, ಬಸಳೆ, ತೊಂಡೆ, ಸುವರ್ಣಗಡ್ಡೆ ಇವೆ. ಇವನ್ನು ಹೇಳಿಕೊಡುವ ಸಂಸ್ಥೆಗಳೂ ದೂರದಲ್ಲಿಲ್ಲ. ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ, ಬ್ರಹ್ಮಾವರದ ಸಂಶೋಧನಾ ಕೇಂದ್ರ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಕಾಸರಗೋಡು ಮತ್ತು ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಎಲ್ಲವೂ ಕೆಲವು ಗಂಟೆಗಳ ದಾರಿಯಲ್ಲಿವೆ.

7. ನನ್ನ ಬೇಡಿಕೆ

ಐದು ಮಾತುಗಳಲ್ಲಿ ನನ್ನ ಬೇಡಿಕೆಯನ್ನು ಇಡುತ್ತೇನೆ.

ಒಂದು, ಎರಡೂ ಜಿಲ್ಲೆಗಳ ಡಿ.ಸಿ. ಮನ್ನಾ ಜಮೀನು ಮತ್ತು ಕೊರಗರಿಗೆಂದು ಗುರುತಿಸಿದ ಪ್ರತಿಯೊಂದು ಸರ್ಕಾರಿ ಜಾಗಕ್ಕೂ ಹಂಚುವ ಮೊದಲೇ 1:7,920 ಅಳತೆಯ ಮಣ್ಣಿನ ನಕ್ಷೆ ಆಗಬೇಕು. ಬೇಸಾಯಕ್ಕೆ ಆಗದ ಪಾದೆಯನ್ನು ಕೃಷಿ ಭೂಮಿಯ ಲೆಕ್ಕಕ್ಕೆ ಸೇರಿಸಕೂಡದು.

ಎರಡು, ಈಗಾಗಲೇ ಹಕ್ಕುಪತ್ರ ಪಡೆದವರ ಮಣ್ಣನ್ನು ಚೌಕದ ಲೆಕ್ಕ ಬಿಟ್ಟು ಮನೆ ಮನೆಯ ಲೆಕ್ಕದಲ್ಲಿ ಪರೀಕ್ಷಿಸಬೇಕು. ಕೊರಗರ ಸಂಖ್ಯೆ ಚಿಕ್ಕದು. ಮನಸ್ಸು ಮಾಡಿದರೆ ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ ಇದು.

ಮೂರು, ಅರಣ್ಯ ಹಕ್ಕಿನ ಅರ್ಜಿ ಬಾಕಿ ಇರುವ ಮಲೆಕುಡಿಯ ಮನೆಗಳಿಗೆ ಪಹಣಿ ಇಲ್ಲವೆಂಬ ಕಾರಣಕ್ಕೆ ಮಣ್ಣು ಪರೀಕ್ಷೆಯನ್ನು ನಿರಾಕರಿಸಬಾರದು.

ನಾಲ್ಕು, ಆಯಾ ಸಮುದಾಯದ ಯುವಕ ಯುವತಿಯರನ್ನೇ ಅನುವುಗಾರರನ್ನಾಗಿ ತರಬೇತುಗೊಳಿಸಿ ಸಂಬಳ ಕೊಡಬೇಕು. ಫಲಿತಾಂಶವನ್ನು ಕಾಲೊನಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.

ಐದು, ಇದಕ್ಕೆ ಹಣವಿಲ್ಲ ಎನ್ನುವಂತಿಲ್ಲ. ಗಿರಿಜನ ಉಪಯೋಜನೆಗೆ ರಾಜ್ಯದಲ್ಲಿ 2013ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ದುರ್ಬಲ ಬುಡಕಟ್ಟುಗಳಿಗೆಂದೇ ಕೇಂದ್ರ ಸರ್ಕಾರ 2023ರ ನವೆಂಬರ್ 15ರಂದು ಪಿಎಂ-ಜನಮನ್ ಆರಂಭಿಸಿತು. ಮನೆ, ರಸ್ತೆ, ನೀರಿನ ಸಮೀಕ್ಷೆಗೆ ಅಧಿಕಾರಿಗಳು ಕಾಲೊನಿಗಳಿಗೆ ಹೋಗುತ್ತಲೇ ಇದ್ದಾರೆ. ಹೋದವರು ಅರ್ಧ ಕಿಲೋ ಮಣ್ಣನ್ನೂ ತರಲಿ.

ಮಣ್ಣಿನ ನಕ್ಷೆಯೊಂದೇ ಅನ್ನ ಕೊಡುವುದಿಲ್ಲ ಎಂಬುದು ನನಗೂ ಗೊತ್ತು. ನೀರು ಬೇಕು, ಬಂಡವಾಳ ಬೇಕು, ಬೆಳೆದದ್ದನ್ನು ಮಾರುವ ದಾರಿ ಬೇಕು. ಆದರೆ ಮಣ್ಣು ನೋಡದೆ ಕೊಟ್ಟ ಭೂಮಿಯ ಮೇಲೆ ಇವೆಲ್ಲವೂ ವ್ಯರ್ಥವಾಗುತ್ತವೆ. ತಪ್ಪಿನ ಹೊರೆ ಕೊನೆಗೆ ಪಡೆದವರ ತಲೆಗೇ ಬೀಳುತ್ತದೆ.

ವಿದ್ಯಾರ್ಥಿ ಮಿತ್ರರೇ, ಈ ಮಾತು ನಿಮಗೆ. ರಜೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಮಾದರಿ ತೆಗೆಯುವುದನ್ನು ಕಲಿಯಿರಿ. ನಿಮ್ಮ ಊರಿನ ಕೊರಗ ಕಾಲೊನಿಗೆ ಹೋಗಿ, ಅಲ್ಲಿನ ಹಿರಿಯರ ಅನುಮತಿ ಪಡೆದು, ಅವರ ಜೊತೆ ನಿಂತು ಆ ಕೆಲಸ ಮಾಡಿ. ಊರಿನ ಹಿರಿಯರೇ, ಹಕ್ಕುಪತ್ರ ವಿತರಣೆಯ ಮುಂದಿನ ಸಭೆಗೆ ನೀವೂ ಹೋಗಿ. ಪತ್ರ ಕೈಗೆ ಬಂದ ಕುಟುಂಬದ ಪರವಾಗಿ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: ಈ ಜಾಗದ ಮಣ್ಣಿನ ವರದಿ ಎಲ್ಲಿದೆ? ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.